‘ಜನರು’ ಎಂದು ಬರೆದ ಸಾಲು

ಈಸ್ಟರ್‌ಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರ, ನಮ್ಮೂರ ಚರ್ಚಿನಲ್ಲಿ ಯೇಸುಸ್ವಾಮಿಯ ಪಾಡಿನ ಕಥೆಯನ್ನು ಪಾಲು ಹಂಚಿಕೊಂಡು ಓದುತ್ತೇವೆ. ಯೇಸುವಿನ ಮಾತು ಗುರುಗಳದ್ದು. ಕಥೆ ಹೇಳುವ ಪಾಲು ಉಪದೇಶಿಗಳದ್ದು. ಪೇತ್ರ, ಪಿಲಾತ, ಯೂದ ಇವರ ಮಾತೆಲ್ಲ ಚೆನ್ನಾಗಿ ಓದಲು ಬರುವ ಇನ್ನೊಬ್ಬರದ್ದು. ಮಿಕ್ಕಿದ್ದು ನಮ್ಮದು. ಹಾಳೆಯ ಎಡಕ್ಕೆ ದಪ್ಪ ಅಕ್ಷರದಲ್ಲಿ ‘ಜನರು’ ಅಂತ ಅಚ್ಚಾಗಿರುತ್ತದೆ. ಕೈಯಲ್ಲಿ ಗರಿ ಹಿಡಿದು ನಿಂತವರೆಲ್ಲ, ಮಕ್ಕಳು ಮುದುಕರು ಅನ್ನದೆ, ಆ ಸಾಲು ಬಂದಾಗ ಒಟ್ಟಿಗೆ ಕೂಗಬೇಕು. ‘ಅವನನ್ನು ಶಿಲುಬೆಗೇರಿಸಿ!’

2023ರ ಏಪ್ರಿಲ್ 2. ಮ್ಯೂನಿಕ್‌ನಿಂದ ರಜೆಗೆ ಊರಿಗೆ ಬಂದಿದ್ದೆ. ಯೇಸುವಿನ ಕಥೆ ಹೇಳುವ ನಾಲ್ಕು ಪುಸ್ತಕಗಳನ್ನು ಶುಭಸಂದೇಶ ಅನ್ನುತ್ತೇವೆ. ಮೂರು ವರ್ಷಕ್ಕೊಮ್ಮೆ ಆ ದಿನ ಮತ್ತಾಯನ ಶುಭಸಂದೇಶ ಓದುವ ಸರದಿ ಬರುತ್ತದೆ, ಆ ವರ್ಷ ಅದೇ ಇತ್ತು. ರೋಮಿನ ರಾಜ್ಯಪಾಲ ಪಿಲಾತ ನೀರು ತರಿಸಿ ಕೈ ತೊಳೆದುಕೊಳ್ಳುತ್ತಾನೆ. ಈತನ ಸಾವಿಗೆ ನಾನು ಹೊಣೆಯಲ್ಲ ಅನ್ನುತ್ತಾನೆ. ಆಮೇಲೆ ‘ಜನರು’. ಇವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ. ಪಕ್ಕದಲ್ಲಿದ್ದ ಅಕ್ಕನ ಮಗಳು, ಎಂಟು ವರ್ಷದವಳು, ಸಾಲಿನ ಮೇಲೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದಳು. ನನಗೆ ಬಾಯಿ ಬರಲಿಲ್ಲ.

ಅದಕ್ಕೆ ಒಂಬತ್ತು ತಿಂಗಳ ಹಿಂದೆ ಜರ್ಮನಿಯ ಒಂದು ಹಳ್ಳಿಯಲ್ಲಿ, ಐದು ಗಂಟೆಯ ನಾಟಕದಲ್ಲಿ, ಇದೇ ಸಾಲನ್ನು ಬೇಕೆಂದೇ ಕೈಬಿಟ್ಟಿದ್ದನ್ನು ನೋಡಿದ್ದೆ. ಯೇಸುವಿನ ಸಾವಿನ ಹೊಣೆಯನ್ನು ಯೆಹೂದಿಗಳೆಲ್ಲರ ಮೇಲೆ ಹೊರಿಸಲು ಬಳಸಿದ ಸಾಲು ಅದು. ಅವತ್ತು ನನ್ನ ಪಕ್ಕದಲ್ಲಿ ಕೂತಿದ್ದವಳು ಒಬ್ಬ ಯೆಹೂದಿ ಗೆಳತಿ. ಆಗಿನಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ವಿಷಯ ಇದು. ಈಗ ಬರೆದುಬಿಡುತ್ತೇನೆ.

ಮೊದಲು ಚಿಕ್ಕಂದಿನ ಮಾತು. ನಾವು ಹಳ್ಳಿಯ ಕನ್ನಡ ಕ್ಯಾಥಲಿಕರು. ಯೆಹೂದಿ ಅನ್ನುವವರನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಆದರೂ ಅವರು ಎಂಥವರು ಅಂತ ನಮಗೆ ಗೊತ್ತಿದೆ ಅಂದುಕೊಂಡಿದ್ದೆವು. ಕನ್ನಡ ಬೈಬಲ್ಲಿನಲ್ಲಿ ಗುರುವನ್ನು ಹಿಡಿದುಕೊಟ್ಟವನ ಹೆಸರು ಯೂದ. ಆ ಜನರ ಹೆಸರು ಯೆಹೂದ್ಯರು. ಮಕ್ಕಳ ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತದೆ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಮಾರಿದನಲ್ಲ, ಅವನ ಕಡೆಯವರು ಅಂತಲೇ ನಾನು ತಿಳಿದಿದ್ದೆ. ಶುಭಶುಕ್ರವಾರ ಓದುವುದು ಯೊವಾನ್ನನ ಶುಭಸಂದೇಶ. ಆ ಪುಸ್ತಕದಲ್ಲಿ ‘ಯೆಹೂದ್ಯರು’ ಅನ್ನುವ ಮಾತು ಎಪ್ಪತ್ತು ಸಲದಷ್ಟು ಬರುತ್ತದೆ, ಬಹಳ ಕಡೆ ಎದುರಾಳಿಗಳ ಹೆಸರಿನ ಹಾಗೆ. ಯೇಸು ಯೆಹೂದ್ಯ, ಮರಿಯಮ್ಮ ಯೆಹೂದ್ಯಳು, ಹನ್ನೆರಡು ಮಂದಿ ಶಿಷ್ಯರೂ ಯೆಹೂದ್ಯರು ಅಂತ ಜ್ಞಾನೋಪದೇಶದ ತರಗತಿಯಲ್ಲಿ ಯಾರಾದರೂ ಒತ್ತಿ ಹೇಳಿದ ನೆನಪು ನನಗಿಲ್ಲ. ಹಾಗಂತ ಯಾರೂ ಕೂರಿಸಿಕೊಂಡು ದ್ವೇಷ ಕಲಿಸಲಿಲ್ಲ. ಅದು ಸುಮ್ನೆ ಬಂದು ಸೇರಿಕೊಂಡಿತ್ತು. ಹಾಗೆ ಸೇರಿಕೊಂಡದ್ದು ಹೊರಗೆ ಹೋಗುವುದು ಜಾಸ್ತಿ ಕಷ್ಟ.

ಮ್ಯೂನಿಕ್‌ನಲ್ಲಿ ಆಫೀಸಿನಲ್ಲಿ ನನ್ನ ಎದುರು ಮೇಜಿನವಳೇ ನಾನು ಕಂಡ ಮೊದಲ ಯೆಹೂದಿ. ಅವಳ ಮನೆಯವರು ಕಿಷಿನೆವ್ ಕಡೆಯವರು, ಈಗಿನ ಮಾಲ್ಡೋವಾ. ಸೋವಿಯೆತ್ ಒಕ್ಕೂಟ ಒಡೆದ ಮೇಲೆ ತೊಂಬತ್ತರ ದಶಕದಲ್ಲಿ ಜರ್ಮನಿಗೆ ಬಂದವರು. ಇವತ್ತು ಜರ್ಮನಿಯಲ್ಲಿರುವ ಯೆಹೂದಿಗಳಲ್ಲಿ ಹೆಚ್ಚಿನವರು ಹೀಗೆ ಬಂದವರೇ. ಶುಕ್ರವಾರ ಮಧ್ಯಾಹ್ನವಾದರೆ ಅವಳು ಲ್ಯಾಪ್‌ಟಾಪ್ ಮುಚ್ಚಿ ಹೊರಟುಬಿಡುತ್ತಾಳೆ, ಮೊಬೈಲಿಗೂ ಸಿಗುವುದಿಲ್ಲ. ಅವತ್ತು ಸಂಜೆಯಿಂದ ಸಬ್ಬತ್, ಅವರ ವಿಶ್ರಾಂತಿಯ ದಿನ. ಹೊರಗೆ ಮಾಂಸ ಮುಟ್ಟುವುದಿಲ್ಲ. ನನ್ನ ಡಬ್ಬಿಯ ಚಪಾತಿ ಪಲ್ಯ ಹಂಚಿಕೊಂಡೇ ನಮ್ಮ ಸ್ನೇಹ ಬೆಳೆದದ್ದು.

ಇನ್ನು ಆ ಹಳ್ಳಿ. ಓಬರಾಮರ್‌ಗೌ. ಮ್ಯೂನಿಕ್‌ನಿಂದ ರೈಲು ಹತ್ತಿ ಮುರ್ನೌನಲ್ಲಿ ಇಳಿದು ಇನ್ನೊಂದು ಚಿಕ್ಕ ರೈಲು ಹಿಡಿಯಬೇಕು. 1633ರಲ್ಲಿ ಅಲ್ಲಿ ಪ್ಲೇಗ್ ಬಡಿದಾಗ ಊರವರು ಹರಕೆ ಹೊತ್ತರು. ರೋಗ ನಿಂತರೆ ಹತ್ತು ವರ್ಷಕ್ಕೊಮ್ಮೆ ಯೇಸುವಿನ ಪಾಡಿನ ಕಥೆಯನ್ನು ಆಡಿ ತೋರಿಸುತ್ತೇವೆ ಅಂತ. ನಮ್ಮ ಕರಾವಳಿಯಲ್ಲಿ ಹರಕೆ ಆಟ ಆಡಿಸುತ್ತಾರಲ್ಲ, ಹಾಗೆ. 1634ರಲ್ಲಿ ಮೊದಲ ಆಟ. ಇವತ್ತಿಗೂ ಅದು ನಿಂತಿಲ್ಲ. ಊರಿನ ಜನಸಂಖ್ಯೆಯೇ ಐದು ಸಾವಿರದ ಆಸುಪಾಸು, ಅದರಲ್ಲಿ ಎರಡು ಸಾವಿರದಷ್ಟು ಮಂದಿ ನಾಟಕದಲ್ಲಿ ಇರುತ್ತಾರೆ. ಅದೇ ಊರಲ್ಲಿ ಹುಟ್ಟಿರಬೇಕು, ಇಲ್ಲವೇ ಇಪ್ಪತ್ತು ವರ್ಷ ಬಾಳಿರಬೇಕು. ಹಿಂದಿನ ವರ್ಷದ ಬೂದಿ ಬುಧವಾರದಿಂದ, ರೋಮನ್ನರ ಪಾತ್ರದವರನ್ನು ಬಿಟ್ಟರೆ, ಯಾರೂ ಕೂದಲು ಗಡ್ಡ ಕತ್ತರಿಸುವಂತಿಲ್ಲ. ನಮ್ಮ ಕನಕಪುರದ ಹತ್ತಿರದ ಹಾರೋಬೆಲೆಯ ಕಪಾಲಬೆಟ್ಟದಲ್ಲಿ ಊರವರೇ ಆಡುವ ಇಂಥದ್ದೇ ಆಟದ ಮಾತು ಕೇಳಿ ಬೆಳೆದವಳು ನಾನು. ಒಮ್ಮೆ ಈ ಜರ್ಮನ್ ಹಳ್ಳಿಯ ಆಟವನ್ನೂ ನೋಡಲೇಬೇಕು ಅಂತ ಆಸೆ ಇತ್ತು. 2020ರಲ್ಲಿ ಆಗಬೇಕಿದ್ದದ್ದು ಕೊರೊನಾ ಬಂದು 2022ಕ್ಕೆ ಹೋಯಿತು.

‘ನೀನೂ ಬರ್ತೀಯಾ?’ ಅಂತ ಗೆಳತಿಯನ್ನು ಕೇಳಿದೆ. ಕೇಳುವಾಗ ನನಗೆ ಏನೂ ಗೊತ್ತಿರಲಿಲ್ಲ. ಅವಳು ತುಂಬಾ ಹೊತ್ತು ನನ್ನನ್ನೇ ನೋಡಿ, ‘ಬರ್ತೀನಿ. ಆದರೆ ಮೊದಲು ಅದರ ಚರಿತ್ರೆ ಓದು’ ಅಂದಳು.

ಓದಿದೆ. ಹಿಂದೆಲ್ಲ ಆ ನಾಟಕದಲ್ಲಿ ದೇವಾಲಯದ ಯಾಜಕರ ತಲೆಗೆ ಕೊಂಬಿನ ಥರದ ಟೋಪಿ ಹಾಕಿಸುತ್ತಿದ್ದರು. ಯೂದನಿಗೆ ಹಳದಿ ಬಟ್ಟೆ. ಯುರೋಪಿನಲ್ಲಿ ಯೆಹೂದಿಗಳು ಎದ್ದು ಕಾಣಲಿ ಅಂತ ಅವರ ಮೈಮೇಲೆ ಹೊರಿಸುತ್ತಿದ್ದ ಬಣ್ಣ ಅದು. ಹಿಟ್ಲರ್ 1930ರಲ್ಲಿ ಬಂದು ನೋಡಿದ್ದ. ಮುನ್ನೂರು ವರ್ಷ ತುಂಬಿದ ವಿಶೇಷ ಆಟಕ್ಕೆ 1934ರಲ್ಲಿ ಅಧಿಕಾರ ಹಿಡಿದವನಾಗಿ ಮತ್ತೆ ಬಂದ. 1942ರಲ್ಲಿ, ರೈಲುಗಳು ಯೆಹೂದಿಗಳನ್ನು ತುಂಬಿಕೊಂಡು ಪೂರ್ವದ ಸಾವಿನ ಶಿಬಿರಗಳಿಗೆ ಹೋಗುತ್ತಿದ್ದ ಹೊತ್ತಿನಲ್ಲಿ, ಯೆಹೂದಿಗಳಿಂದ ಏನು ಅಪಾಯ ಅನ್ನುವುದನ್ನು ಈ ನಾಟಕದಷ್ಟು ಚೆನ್ನಾಗಿ ಯಾವುದೂ ತೋರಿಸಿಲ್ಲ ಅನ್ನುವ ಅರ್ಥದಲ್ಲಿ ಹೊಗಳಿದ. ಯುದ್ಧ ಮುಗಿದ ಮೇಲೂ ಊರವರು ಹಳೆಯ ಪಠ್ಯವನ್ನು ಬಿಡಲಿಲ್ಲ. 1970ರಲ್ಲಿ ಅಮೆರಿಕದ ಯೆಹೂದಿ ಸಂಘಟನೆಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. ಆಗಲೂ ಊರು ಎರಡು ಪಾಲಾಯಿತು. ನಮ್ಮ ಹಿರಿಯರ ಹರಕೆ, ಹೊರಗಿನವರು ಕೈ ಹಾಕುವುದು ಬೇಡ ಅಂದವರೇ ಜಾಸ್ತಿ.

ಬದಲಾವಣೆ ಶುರುವಾದದ್ದು ಕ್ರಿಸ್ಟಿಯಾನ್ ಷ್ಟ್ಯೂಕಲ್ ಅನ್ನುವ ಅದೇ ಊರಿನ ಹುಡುಗ ನಿರ್ದೇಶಕನಾದ ಮೇಲೆ. 1990ರಿಂದ ಅವನೇ ಮಾಡಿಸುತ್ತಿದ್ದಾನೆ. ಯೆಹೂದಿ ಸಂಘಟನೆಗಳ ಜೊತೆ ಕೂತು ಸಾಲು ಸಾಲು ಜಗಳ ಆಡಿ ತಿದ್ದಿದ. ಕೊಂಬಿನ ಟೋಪಿ ಹೋಯಿತು. 2000ದಲ್ಲಿ ಆ ರಕ್ತದ ಸಾಲು ಹೋಯಿತು. ಶಿಷ್ಯರು ಯೇಸುವನ್ನು ‘ರಬ್ಬಿ’, ಅಂದರೆ ಯೆಹೂದಿ ಗುರು, ಅನ್ನತೊಡಗಿದರು. ಮುಖ್ಯ ಪಾತ್ರದವರನ್ನೆಲ್ಲ ಇಸ್ರೇಲಿಗೆ ಕರೆದುಕೊಂಡು ಹೋಗಿ, ನರಮೇಧದ ನೆನಪಿನ ಯಾದ್ ವಾಷೆಮ್ ತೋರಿಸಿ ಬರುತ್ತಾನೆ. 2022ರಲ್ಲಿ ಯೂದನ ಪಾತ್ರ ಮಾಡಿದ ಇಬ್ಬರಲ್ಲಿ ಒಬ್ಬ ತುರ್ಕಿ ಮೂಲದ ಮುಸ್ಲಿಂ ಮನೆಯ ಹುಡುಗ. ಇಷ್ಟಾದರೂ ಒಂದು ಮಾತು ಹೇಳಬೇಕು. ಹರಕೆ ಹೊತ್ತು ಮುನ್ನೂರೈವತ್ತು ವರ್ಷಕ್ಕೂ ಜಾಸ್ತಿ ಆದ ಮೇಲೆ ಬಂದ ತಿದ್ದುಪಡಿ ಇದು.

ಜೂನ್ ಕೊನೆಯಲ್ಲಿ ಹೋದೆವು. ಆ ಬೇಸಿಗೆ ಒಂಬತ್ತು ಯೂರೋ ಟಿಕೆಟ್ ಇತ್ತು, ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಮಧ್ಯಾಹ್ನ ಎರಡೂವರೆಗೆ ಶುರು. ನಮ್ಮ ತಲೆಯ ಮೇಲೆ ಚಾವಣಿ, ರಂಗದ ಮೇಲೆ ಬರೀ ಆಕಾಶ, ಅದರ ಹಿಂದೆ ಬೆಟ್ಟ. ಯೇಸು ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಕೆಡವುತ್ತಾನೆ. ಗಲಾಟೆ ಅಡಗುತ್ತದೆ. ಆಗ ಅವನು ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಎರಡೂ ಕೈಯಲ್ಲಿ ಮೇಲೆತ್ತುತ್ತಾನೆ. ರಂಗದ ತುಂಬ ನಿಂತ ನೂರಾರು ಜನ ಹೀಬ್ರೂ ಭಾಷೆಯಲ್ಲಿ ಹಾಡುತ್ತಾರೆ, ‘ಶೆಮಾ ಇಸ್ರಯೇಲ್’. ಕೇಳು ಇಸ್ರಯೇಲೇ, ನಮ್ಮ ದೇವರಾದ ಪ್ರಭು ಒಬ್ಬನೇ. ಯೆಹೂದಿಗಳು ಬೆಳಿಗ್ಗೆ ಸಂಜೆ ಹೇಳುವ ಪ್ರಾರ್ಥನೆ. ಬವೇರಿಯಾದ ಕ್ಯಾಥಲಿಕ್ ಹಳ್ಳಿಯವರ ಬಾಯಲ್ಲಿ, ಹಿಟ್ಲರ್ ಕೂತು ನೋಡಿದ ಅದೇ ನಾಟಕದಲ್ಲಿ. ನನ್ನ ಕಣ್ಣಲ್ಲಿ ನೀರು ಬಂತು. ತಿರುಗಿ ನೋಡಿದೆ. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು.

ನಾಟಕದ ನಡುವೆ ಊಟಕ್ಕೆ ಮೂರು ಗಂಟೆ ಬಿಡುವು. ಅಮ್ಮರ್ ಹೊಳೆಯ ದಂಡೆಯಲ್ಲಿ ಬೆಂಚು ಹಿಡಿದು ಡಬ್ಬಿ ಬಿಚ್ಚಿದೆ.

‘ಚೆನ್ನಾಗಿತ್ತು ಅಲ್ವಾ?’ ಅಂದೆ.

‘ಹಾಡು ಚೆನ್ನಾಗಿತ್ತು.’ ಚಪಾತಿಯ ಅಂಚನ್ನು ಚಿಕ್ಕ ಚಿಕ್ಕ ಚೂರು ಮಾಡುತ್ತಾ ಕೂತಳು. ‘ಆದರೆ ಅದು ನಮ್ಮದು. 1096ರಲ್ಲಿ ಶಿಲುಬೆ ಯುದ್ಧಕ್ಕೆ ಹೊರಟವರು ದಾರಿಯಲ್ಲಿ ವೋರ್ಮ್ಸ್, ಮೈನ್ಜ್ ಊರುಗಳಿಗೆ ನುಗ್ಗಿದರಲ್ಲ, ಆಗ ಸಾಯೋ ಜನ ಹೇಳಿದ್ದು ಇದನ್ನೇ. ಕೊಂದವರ ಎದೆಯ ಮೇಲೆ ಶಿಲುಬೆ ಇತ್ತು. ಈಗ ಇವರು ಅದನ್ನ ಇಷ್ಟು ಚಂದ ಮಾಡಿ ಹಾಡಿದರೆ ನನಗೆ ಖುಷಿ ಆಗಬೇಕೋ ಏನೋ ಗೊತ್ತಾಗ್ತಿಲ್ಲ.’

‘ಯೇಸುವೇ ಅದನ್ನ ಎಲ್ಲಕ್ಕಿಂತ ದೊಡ್ಡ ಆಜ್ಞೆ ಅಂದಿದ್ದು. ಅವನೂ ದಿನಾ ಹೇಳುತ್ತಿದ್ದ ಪ್ರಾರ್ಥನೆ ಅಲ್ವಾ ಅದು?’

‘ಗೊತ್ತು. ಅದಕ್ಕೇ ಕಷ್ಟ.’

ಆಮೇಲೆ ಅವಳ ಮುತ್ತಜ್ಜಿಯ ಕಥೆ ಹೇಳಿದಳು. 1903ರ ಈಸ್ಟರ್ ಭಾನುವಾರ ಕಿಷಿನೆವ್‌ನಲ್ಲಿ ಯೆಹೂದಿಗಳ ಮೇಲೆ ಜನ ಮುಗಿಬಿದ್ದರು. ನಲವತ್ತೊಂಬತ್ತು ಜನ ಸತ್ತರು, ನೂರಾರು ಮನೆಗಳು ಹಾಳಾದವು. ಮುತ್ತಜ್ಜಿ ಆಗ ಚಿಕ್ಕ ಹುಡುಗಿ. ಬದುಕಿರುವ ತನಕ ಪ್ರತಿ ವರ್ಷ ಈಸ್ಟರ್ ಬಂತು ಅಂದರೆ ಕಿಟಕಿ ಬಾಗಿಲು ಮುಚ್ಚಿಸುತ್ತಿದ್ದಳಂತೆ. ನಾನು ಏನೂ ಹೇಳಲಿಲ್ಲ. ನನ್ನ ಅಜ್ಜಿಗೆ ಈಸ್ಟರ್ ಅಂದರೆ ಹೊಸ ಸೀರೆ, ನಡುರಾತ್ರಿಯ ಪೂಜೆ, ಮೇಣದ ಬತ್ತಿ ಆರದ ಹಾಗೆ ಕೈ ಮರೆ ಮಾಡಿಕೊಂಡು ಮನೆಗೆ ತರುವುದು. ಒಂದೇ ದಿನ ಒಬ್ಬಳ ಮನೆಯಲ್ಲಿ ದೀಪ, ಇನ್ನೊಬ್ಬಳ ಮನೆಯಲ್ಲಿ ಅಗುಳಿ.

ಎರಡನೇ ಭಾಗದಲ್ಲಿ ಪಿಲಾತನ ಮುಂದಿನ ದೃಶ್ಯ. ಜನ ಒಂದೇ ಬಾಯಲ್ಲಿ ಕೂಗುವುದಿಲ್ಲ. ಅವನನ್ನು ಬಿಡಿ ಅನ್ನುವವರೂ ಇದ್ದಾರೆ, ಕೊಲ್ಲಿ ಅನ್ನುವವರೂ ಇದ್ದಾರೆ, ಯಾಜಕರಲ್ಲೇ ಜಗಳ. ರಕ್ತದ ಸಾಲು ಬರಲೇ ಇಲ್ಲ. ರಾತ್ರಿ ರೈಲಿನಲ್ಲಿ ಅವಳು ಹೇಳಿದಳು, ‘ಬರಲ್ಲ ಅಂತ ಗೊತ್ತಿತ್ತು. ಆದರೂ ಆ ಹೊತ್ತು ಬಂದಾಗ ಕಾಯ್ತಾ ಇದ್ದೆ.’ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, ‘ನಿಮ್ಮೂರಲ್ಲಿ ಆ ಸಾಲು ಇದೆಯಾ? ಯಾರು ಹೇಳ್ತಾರೆ?’

‘ನಾವೇ’ ಅಂದೆ. ‘ಎಲ್ಲರೂ.’

ಆ ಪ್ರಶ್ನೆ ಹಿಡಿದುಕೊಂಡು ನಾನು ನಮ್ಮ ಸಭೆಯ ಕಥೆ ಓದಲು ಕೂತೆ. ಓದುತ್ತಾ ಓದುತ್ತಾ ಸಿಕ್ಕಿದ್ದು ಝೂಲ್ ಇಸಾಕ್ ಅನ್ನುವ ಮುದುಕನ ಕಥೆ. ನಮ್ಮ ಎಷ್ಟು ಜನ ಕ್ಯಾಥಲಿಕರಿಗೆ ಈ ಹೆಸರು ಗೊತ್ತಿದೆಯೋ. ಫ್ರಾನ್ಸಿನ ಇತಿಹಾಸಕಾರ. ಅಲ್ಲಿನ ಶಾಲಾ ಮಕ್ಕಳು ಇವನು ಬರೆದ ಇತಿಹಾಸದ ಪಠ್ಯವನ್ನೇ ಓದುತ್ತಿದ್ದರು. ಯೆಹೂದಿ ಅನ್ನುವ ಕಾರಣಕ್ಕೆ 1940ರಲ್ಲಿ ಕೆಲಸ ಹೋಯಿತು. 1943ರ ಅಕ್ಟೋಬರಿನಲ್ಲಿ ನಾಜಿಗಳು ಅವನ ಹೆಂಡತಿಯನ್ನೂ ಮಗಳನ್ನೂ ಹಿಡಿದುಕೊಂಡು ಹೋದರು. ಅವನು ಆ ಹೊತ್ತಿಗೆ ಹೊರಗೆ ಹೋಗಿದ್ದ, ಉಳಿದುಕೊಂಡ. ಅವರಿಬ್ಬರೂ ನಾಜಿಗಳ ಸಾವಿನ ಶಿಬಿರವಾದ ಆಷ್‌ವಿಟ್ಜ್‌ನಲ್ಲಿ ಸತ್ತರು. ಅಡಗಿಕೊಂಡೇ ಅವನು ಶುಭಸಂದೇಶಗಳನ್ನು ಸಾಲು ಸಾಲಾಗಿ ಓದಿದ. ಯೇಸುವಿನ ಹೆಸರಿನಲ್ಲಿ ಯೆಹೂದಿಗಳ ಬಗ್ಗೆ ಏನೇನು ಕಲಿಸಿದ್ದಾರೆ, ಅದರಲ್ಲಿ ಎಷ್ಟು ಪುಸ್ತಕದಲ್ಲೇ ಇಲ್ಲ ಅಂತ ಪಟ್ಟಿ ಮಾಡುತ್ತಾ ಹೋದ. ಅದಕ್ಕೆ ಅವನಿಟ್ಟ ಹೆಸರು ತಿರಸ್ಕಾರದ ಪಾಠ.

ನನ್ನ ಜಾಗದಲ್ಲಿ ನಿಂತು ಯೋಚಿಸಿ. ಅವನ ಹೆಂಡತಿ ಮಗಳು ಸತ್ತಿದ್ದಾರೆ. ಅವನು ನಮ್ಮ ಪುಸ್ತಕ ಮುಂದಿಟ್ಟುಕೊಂಡು, ಇಲ್ಲಿ ನಿಮ್ಮ ಯೇಸು ಹೀಗೆ ಹೇಳಿಲ್ಲ ನೋಡಿ ಅಂತ ನಮಗೆ ತೋರಿಸುತ್ತಿದ್ದಾನೆ. 1960ರ ಜೂನ್ 13ರಂದು, ಎಂಬತ್ತು ದಾಟಿದ ಮೇಲೆ, ನಮ್ಮ ಜಗದ್ಗುರು, ಅಂದರೆ ಪೋಪ್, 23ನೇ ಯೊವಾನ್ನರನ್ನು ಕಂಡ. ಏನಾದರೂ ಭರವಸೆ ಇಟ್ಟುಕೊಂಡು ಹೋಗಬಹುದಾ ಅಂತ ಕೇಳಿದ್ದಕ್ಕೆ, ಭರವಸೆಗಿಂತ ಹೆಚ್ಚಿನದಕ್ಕೆ ನಿಮಗೆ ಹಕ್ಕಿದೆ ಅಂದರಂತೆ ಅವರು. ಯೆಹೂದಿಗಳ ಬಗ್ಗೆ ಸಭೆಯ ನಿಲುವನ್ನು ಬರೆಯುವ ಕೆಲಸವನ್ನು ಕಾರ್ಡಿನಲ್ ಬೆಯಾ ಅವರ ಕೈಗೆ ಕೊಟ್ಟರು. ಐದು ವರ್ಷ ಎಳೆದಾಡಿತು. ಅರಬ್ ದೇಶಗಳ ಬಿಷಪರಿಗೆ ಇದನ್ನು ಇಸ್ರೇಲಿಗೆ ಕೊಟ್ಟ ಬೆಂಬಲ ಅಂತ ತಿಳಿದು ತಮ್ಮ ಜನಕ್ಕೆ ತೊಂದರೆ ಕೊಟ್ಟಾರು ಅನ್ನುವ ಹೆದರಿಕೆ, ಅದೂ ಸುಳ್ಳು ಹೆದರಿಕೆಯಲ್ಲ. ಕೊನೆಗೆ 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆಯಿಂದ ‘ನೊಸ್ತ್ರಾ ಏತಾತೆ’ ಅನ್ನುವ ಘೋಷಣೆ ಹೊರಬಂತು. ಪರವಾಗಿ 2221 ಮತ, ವಿರೋಧವಾಗಿ 88. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದು ಅಂತ ಸಭೆ ಬರೆದುಕೊಟ್ಟಿತು. ಇಸಾಕ್ ಅದನ್ನು ನೋಡಲಿಲ್ಲ. 1963ರಲ್ಲೇ ತೀರಿಕೊಂಡಿದ್ದ.

ನನ್ನನ್ನು ಇನ್ನೂ ಹಿಡಿದಿಟ್ಟಿರುವುದು ಒಂದು ಸಣ್ಣ ವಿಷಯ. ಶುಭಶುಕ್ರವಾರ ಎಲ್ಲರಿಗಾಗಿ ಸಾಲಾಗಿ ಪ್ರಾರ್ಥನೆ ಮಾಡುತ್ತೇವಲ್ಲ, ಒಂದೊಂದಕ್ಕೂ ಮಂಡಿಯೂರಿ ಏಳುತ್ತೇವಲ್ಲ. ಹಿಂದೆ ನೂರಾರು ವರ್ಷ ಯೆಹೂದಿಗಳಿಗಾಗಿ ಪ್ರಾರ್ಥಿಸುವಾಗ ಮಾತ್ರ ಮಂಡಿಯೂರುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಅವರನ್ನು ನಂಬಿಕೆಗೆಟ್ಟವರು ಅನ್ನುವ ಮಾತೂ ಇತ್ತು. ಮಂಡಿಯೂರುವುದು 1955ರಲ್ಲಿ ವಾಪಸ್ ಬಂತು. ಆ ಮಾತು 1959ರಲ್ಲಿ ಹೋಯಿತು. 1970ರಿಂದ, ದೇವರ ಮಾತನ್ನು ಮೊದಲು ಕೇಳಿದ ಜನ ಅವರು, ಅವನ ಒಡಂಬಡಿಕೆಗೆ ನಿಷ್ಠರಾಗಿ ಬೆಳೆಯಲಿ ಅಂತ ಬೇಡುತ್ತೇವೆ. ನನ್ನ ಅಜ್ಜಿ ಹಳೆಯ ಕಾಲದವಳು. ಅವಳಿಗೆ ಲ್ಯಾಟಿನ್ ಬರುತ್ತಿರಲಿಲ್ಲ, ಸ್ವಾಮಿಯವರು ಏನು ಹೇಳುತ್ತಿದ್ದಾರೆ ಅನ್ನುವುದೂ ತಿಳಿಯುತ್ತಿರಲಿಲ್ಲ. ಆದರೆ ಎಲ್ಲಿ ಮಂಡಿಯೂರಬೇಕು, ಎಲ್ಲಿ ಬೇಡ ಅನ್ನುವುದು ಅವಳ ಮಂಡಿಗೆ ಗೊತ್ತಿತ್ತು. ತಿರಸ್ಕಾರ ಕಲಿಸಲು ಅಷ್ಟು ಸಾಕು.

ಕಾಗದದ ಮೇಲೆ ಸರಿಹೋಯಿತು ಅಂದಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ನಾವು ನಾಟಕ ನೋಡಿದ ಅದೇ ಜೂನ್‌ನಲ್ಲಿ, 14ನೇ ತಾರೀಕು, ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ವಿಟ್ಟೆನ್‌ಬರ್ಗ್ ಚರ್ಚಿನ ಒಂದು ಉಬ್ಬುಶಿಲ್ಪದ ಬಗ್ಗೆ ತೀರ್ಪು ಕೊಟ್ಟಿತು. ಪ್ರೊಟೆಸ್ಟೆಂಟ್ ಪಂಥ ಶುರು ಮಾಡಿದ ಲೂಥರ್ ಪ್ರಸಂಗ ಮಾಡುತ್ತಿದ್ದ ಚರ್ಚು ಅದು. ಗೋಡೆಯ ಮೇಲೆ ಹದಿಮೂರನೇ ಶತಮಾನದ ಕೆತ್ತನೆ, ಹಂದಿಯ ಮೊಲೆ ಚೀಪುತ್ತಿರುವ ಯೆಹೂದಿಗಳದ್ದು. ತೆಗೆಸಿ ಅಂತ ಒಬ್ಬ ಯೆಹೂದಿ ಹಿರಿಯರು ಕೇಸು ಹಾಕಿದ್ದರು. ಕೆಳಗೆ ನೆನಪಿನ ಫಲಕ, ವಿವರಣೆ ಎಲ್ಲ ಇದೆ, ಹಾಗಾಗಿ ಇರಬಹುದು ಅಂತ ಕೋರ್ಟ್ ಹೇಳಿತು. ಗೆಳತಿಗೆ ಅದನ್ನು ಕಿತ್ತು ಮ್ಯೂಸಿಯಮ್ಮಿನಲ್ಲಿ ಇಡಬೇಕು ಅಂತ. ನನಗೂ ಈಗ ಹಾಗೇ ಅನ್ನಿಸುತ್ತದೆ. ಗೋಡೆಯ ಮೇಲೆ ಎತ್ತರದಲ್ಲಿರುವುದು ಕಣ್ಣಿಗೆ ಮೊದಲು ಬೀಳುತ್ತದೆ, ಫಲಕ ಆಮೇಲೆ.

ಮತಾಂತರದ ವಿಷಯ ಇನ್ನೂ ಆಳದ್ದು. ಯೆಹೂದಿಗಳನ್ನು ಕ್ರೈಸ್ತರನ್ನಾಗಿ ಮಾಡುವ ಸಂಘಟಿತ ಕೆಲಸ ತಾನು ಮಾಡುವುದಿಲ್ಲ, ಬೆಂಬಲಿಸುವುದೂ ಇಲ್ಲ ಅಂತ ವ್ಯಾಟಿಕನ್ 2015ರಲ್ಲಿ ಬರೆಯಿತು. ಜರ್ಮನಿಯ ಪ್ರೊಟೆಸ್ಟೆಂಟ್ ಸಭೆ 2016ರಲ್ಲಿ ಅದೇ ಥರದ ನಿರ್ಣಯ ಮಾಡಿತು. ಆದರೆ ಅಮೆರಿಕದ ಎಷ್ಟೋ ಸುವಾರ್ತಾ (ಇವಾಂಜೆಲಿಕಲ್) ಗುಂಪುಗಳು ಹಾಗಲ್ಲ. ಇಸ್ರೇಲ್ ದೇಶಕ್ಕೆ ಅವರಷ್ಟು ಗಟ್ಟಿಯಾಗಿ ನಿಂತವರು ಕಡಿಮೆ. ಜೊತೆಗೆ ಕೊನೆಯ ದಿನಗಳಲ್ಲಿ ಯೆಹೂದಿಗಳು ಯೇಸುವನ್ನು ಒಪ್ಪಲೇಬೇಕು ಅನ್ನುವ ನಂಬಿಕೆಯೂ ಅವರಲ್ಲಿ ಬಹಳ ಜನಕ್ಕೆ ಇದೆ. ‘ನನ್ನನ್ನ ಇಷ್ಟಪಡ್ತಾರೆ, ಆದರೆ ನಾನು ನಾನಾಗಿ ಇರೋ ತನಕ ಅಲ್ಲ’ ಅಂದಳು ಗೆಳತಿ. ಎಷ್ಟು ಜನ ಸತ್ತ ಮೇಲೆ ಉಳಿದವರು ಅವರು. ಒಬ್ಬೊಬ್ಬರು ಯೆಹೂದಿಯಾಗಿ ಮುಂದುವರಿಯುವುದು ಅವರಿಗೆ ಎಷ್ಟು ದೊಡ್ಡದು ಅನ್ನುವುದು ಇನ್ನೂರು ಕೋಟಿಗೂ ಮೇಲಿರುವ ನಮಗೆ ಸುಲಭವಾಗಿ ಹೊಳೆಯುವುದಿಲ್ಲ.

ಇನ್ನು ಗಾಜಾ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಗಾಜಾದ ಹಮಾಸ್ ಮಾಡಿದ ದಾಳಿಯಲ್ಲಿ ಸುಮಾರು 1200 ಜನ ಸತ್ತರು. ಗೆಳತಿಯ ಚಿಕ್ಕಮ್ಮನ ಮಕ್ಕಳು ಇಸ್ರೇಲಿನಲ್ಲೇ ಇದ್ದಾರೆ. ನಾನು ಫೋನ್ ಮಾಡಲಿಲ್ಲ. ಏನು ಹೇಳಬೇಕು ಗೊತ್ತಾಗದೆ ಇವತ್ತು ನಾಳೆ ಅಂತ ಮುಂದೂಡಿದೆ. ಇಸ್ರೇಲ್ ಗಾಜಾದ ಮೇಲೆ ಯುದ್ಧಕ್ಕೆ ಹೋಯಿತು. ಡಿಸೆಂಬರಿನಲ್ಲಿ ಗಾಜಾದ ಪವಿತ್ರ ಕುಟುಂಬ ಚರ್ಚಿನ ಅಂಗಳದಲ್ಲಿ ತಾಯಿ ಮಗಳಿಬ್ಬರನ್ನು ಗುಂಡಿಟ್ಟು ಕೊಂದ ಸುದ್ದಿ ಬಂದಾಗ ಮಾತ್ರ ಸಿಟ್ಟಿನಿಂದ ಅವಳಿಗೇ ಮೆಸೇಜ್ ಕಳಿಸಿದೆ. ಅವಳು ಒಂದೇ ಸಾಲು ಬರೆದಳು. ‘ಅಕ್ಟೋಬರಿನಲ್ಲಿ ಎಲ್ಲಿದ್ದೆ?’ ಆರು ವಾರ ನಾವು ಎದುರು ಬದುರು ಕೂತು ಕೆಲಸದ ಮಾತು ಬಿಟ್ಟರೆ ಏನೂ ಆಡಲಿಲ್ಲ. ಗಾಜಾದಲ್ಲಿ ಸತ್ತವರ ಲೆಕ್ಕ ಹತ್ತಾರು ಸಾವಿರ ದಾಟುತ್ತಾ ಹೋಯಿತು. ಜಗದ್ಗುರು ಫ್ರಾನ್ಸಿಸ್ ದಿನಾ ಸಂಜೆ ಆ ಚರ್ಚಿಗೆ ಫೋನ್ ಮಾಡಿ ಮಾತಾಡಿಸುತ್ತಿದ್ದರು. ಅದೇ ಫ್ರಾನ್ಸಿಸ್ 2024ರ ಫೆಬ್ರವರಿಯಲ್ಲಿ ಇಸ್ರೇಲಿನ ಯೆಹೂದಿ ಸಹೋದರ ಸಹೋದರಿಯರಿಗೆ ಕಾಗದ ಬರೆದರು. ಎರಡನ್ನೂ ಒಬ್ಬರೇ ಮಾಡಬಹುದು ಅನ್ನುವುದನ್ನು ನಾನು ಅವರಿಂದ ಕಲಿತೆ, ತಡವಾಗಿ. ಅವಳ ಹತ್ತಿರ ಹೋಗಿ ಅಕ್ಟೋಬರಿಗೆ ಕ್ಷಮೆ ಕೇಳಿದೆ. ಚರ್ಚಿನ ಆ ತಾಯಿ ಮಗಳ ಬಗ್ಗೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವಳೂ ಹಾಗೆ ಕೇಳಲಿಲ್ಲ. ಜೆರುಸಲೇಮಿನ ಬೀದಿಯಲ್ಲಿ ಕೆಲವು ಕಟ್ಟಾ ಯೆಹೂದಿಗಳು ಕ್ರೈಸ್ತ ಯಾತ್ರಿಕರ ಕಡೆ ಉಗುಳಿದ ವಿಡಿಯೋ ಬಂದಾಗ ನನಗಿಂತ ಮೊದಲು ಅದನ್ನು ನೋಡಿ, ನಾಚಿಕೆಯಾಗುತ್ತೆ ಅಂದವಳು ಅವಳು.

ಇಬ್ಬರಿಗೂ ಸೇರಿದ್ದು ಏನು ಅಂತ ಕೇಳಿದರೆ ನಾನು ದೊಡ್ಡ ದೊಡ್ಡ ಮಾತು ಹೇಳುವುದಿಲ್ಲ. ಆಮೆನ್ ಹೀಬ್ರೂ, ಅಲ್ಲೆಲೂಯಾ ಹೀಬ್ರೂ, ಗರಿ ಹಿಡಿದು ಕೂಗುವ ಹೊಸಾನ್ನವೂ ಅಲ್ಲಿಂದಲೇ ಬಂದದ್ದು. ನಮ್ಮ ಅಜ್ಜಿ ಬಾಯಿಪಾಠ ಹೇಳುತ್ತಿದ್ದ ಕೀರ್ತನೆಗಳನ್ನು ಇವಳ ಅಜ್ಜಿಯೂ ಹೇಳುತ್ತಿದ್ದಳು. ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಮಲಯಾಳಿ ಆಂಟಿ ಪವಿತ್ರ ಗುರುವಾರ ರಾತ್ರಿ ಪೆಸಹಾ ಅಪ್ಪ ಮಾಡುತ್ತಾರೆ. ಅಕ್ಕಿ ಹಿಟ್ಟು, ಉದ್ದು, ಹುಳಿ ಬರಿಸುವುದಿಲ್ಲ. ಮೇಲೆ ಗರಿಯ ಶಿಲುಬೆ ಇಟ್ಟು, ಮನೆಯ ಯಜಮಾನರು ಮುರಿದು ಎಲ್ಲರಿಗೂ ಕೊಡುತ್ತಾರೆ. ಪೆಸಹಾ ಅಂದರೆ ಪೆಸಾಖ್, ಯೆಹೂದಿಗಳ ಪಾಸ್ಖ ಹಬ್ಬವೇ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆದು ಹುಳಿಯಿಲ್ಲದ ರೊಟ್ಟಿ ತಿನ್ನುವ ಹಬ್ಬ. ಇದನ್ನು ಹೇಳಿದಾಗ ಗೆಳತಿ ಮೂರು ಸಲ ಮರುಮರು ಕೇಳಿದಳು. ಆದರೆ ಕೆಲವು ಚರ್ಚುಗಳು ಈಗ ಯೆಹೂದಿಗಳ ಪಾಸ್ಖ ಊಟವನ್ನೇ ತಾವಾಗಿ ಮಾಡಿ, ಅದಕ್ಕೆ ಕ್ರೈಸ್ತ ಅರ್ಥ ಹಚ್ಚುವುದು ಅವಳಿಗೆ ಇಷ್ಟವಿಲ್ಲ. ‘ನಿಮ್ಮ ಆಂಟಿಯದ್ದು ಅವರ ಅಜ್ಜಿಯಿಂದ ಬಂದಿದೆ, ಇದು ನನ್ನ ಅಜ್ಜಿಯಿಂದ ಎತ್ತಿಕೊಂಡಿದ್ದು’ ಅಂದಳು.

ಒಂದು ಸಲ ಅವಳ ಜೊತೆ ಮ್ಯೂನಿಕ್‌ನ ಯಾಕೋಬ್ ಚೌಕದಲ್ಲಿರುವ ಯೆಹೂದಿ ಪ್ರಾರ್ಥನಾ ಮಂದಿರಕ್ಕೆ, ಸಿನಗಾಗ್‌ಗೆ ಹೋಗಿದ್ದೆ. ನಗರದ ಹಳೆಯ ದೊಡ್ಡ ಸಿನಗಾಗನ್ನು 1938ರ ಜೂನಿನಲ್ಲಿ ಹಿಟ್ಲರನ ಆಜ್ಞೆಯಂತೆ ಕೆಡವಿದ್ದರು. ಈ ಹೊಸದು ತೆರೆದದ್ದು 2006ರಲ್ಲಿ. ನೆಲದ ಕೆಳಗೆ ಒಂದು ಹಾದಿ, ಗೋಡೆಯ ಉದ್ದಕ್ಕೂ ಮ್ಯೂನಿಕ್‌ನಿಂದ ಒಯ್ದು ಕೊಂದ 4500ಕ್ಕೂ ಹೆಚ್ಚು ಜನರ ಹೆಸರು. ಹೊರಗೆ ಪೊಲೀಸರು, ಒಳಗೆ ಹೋಗಲು ಗುರುತಿನ ಚೀಟಿ, ಬ್ಯಾಗ್ ತಪಾಸಣೆ. ನಾನು ಭಾನುವಾರ ಚರ್ಚಿಗೆ ಹೋಗುವಾಗ ಬಾಗಿಲು ಸುಮ್ನೆ ತೆರೆದಿರುತ್ತದೆ. ಅವಳು ಪ್ರಾರ್ಥನೆಗೆ ಹೋಗುವಾಗ ಪ್ರತಿ ವಾರ ಬ್ಯಾಗ್ ಬಿಚ್ಚಿ ತೋರಿಸುತ್ತಾಳೆ.

ಈಗ ಮತ್ತೆ ಆ ಸಾಲಿಗೆ ಬರುತ್ತೇನೆ. ನಾಟಕದ ಸಾಲನ್ನು ತೆಗೆಯಬಹುದು. ಶುಭಸಂದೇಶದ ಸಾಲನ್ನು ತೆಗೆಯಲು ಆಗುವುದಿಲ್ಲ, ತೆಗೆಯಬಾರದು ಅಂತಲೂ ನನಗನ್ನಿಸುತ್ತದೆ. ಆದರೆ ಯಾರ ಬಾಯಲ್ಲಿ ಬರುತ್ತಿದೆ ಅನ್ನುವುದನ್ನು ಹೇಳಬಹುದಲ್ಲ. ಹದಿನಾರನೇ ಶತಮಾನದ ನಮ್ಮ ರೋಮಿನ ಜ್ಞಾನೋಪದೇಶವೇ, ಯೇಸುವಿನ ಸಾವಿನಲ್ಲಿ ಪಾಪ ಮಾಡುವ ಕ್ರೈಸ್ತರ ಹೊಣೆ ಯೆಹೂದಿಗಳದ್ದಕ್ಕಿಂತ ದೊಡ್ಡದು ಅಂದಿತ್ತು. ‘ಜನರು’ ಅಂತ ಹಾಳೆಯಲ್ಲಿ ಬರೆದು ನಮ್ಮ ಕೈಗೆ ಕೊಟ್ಟಿರುವುದೂ ಅದಕ್ಕೇ. ನಾವು ಮಾತ್ರ ಕೂಗುವುದು ನಾವು, ಕೂಗಿದವರು ಅವರು ಅಂದುಕೊಂಡು ಮನೆಗೆ ಬರುತ್ತೇವೆ.

ಈ ಸಲ, 2026ರ ಮಾರ್ಚ್ 29ಕ್ಕೆ, ಮತ್ತೆ ಮತ್ತಾಯನ ಸರದಿ. ಹೋದ ತಿಂಗಳು ನಮ್ಮೂರ ಉಪದೇಶಿಗಳಿಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದವರು, ನನಗೆ ಜಪ ಕಲಿಸಿದವರು. ಓದುವ ಮೊದಲು ಎರಡು ಮಾತು ಹೇಳಬಹುದಾ ಅಂತ ಕೇಳಿದೆ. ‘ಶುಭಸಂದೇಶ ಮುಟ್ಟೋಕೆ ನನಗೆ ಅಧಿಕಾರ ಇಲ್ಲ ಮಗಳೇ’ ಅಂದರು ಮೊದಲು. ಮುಟ್ಟುವುದು ಬೇಡ, ಮುಂಚೆ ಹೇಳಿ ಸಾಕು ಅಂದೆ. ಓಬರಾಮರ್‌ಗೌ ಕಥೆ ಪೂರ್ತಿ ಹೇಳಿದೆ. ಹರಕೆ ಆಟ ಅಂದಾಗ ಅವರಿಗೆ ಖುಷಿಯಾಯಿತು, ಹಿಟ್ಲರ್ ಅಂದಾಗ ಸುಮ್ಮನಾದರು. ‘ಗುರುಗಳನ್ನ ಕೇಳ್ತೀನಿ, ನೀನು ಬರೆದು ಕಳಿಸು’ ಅಂದರು. ಒಂದು ವಾರ ಬರೆದು ಬರೆದು ಹರಿದೆ. ಕೊನೆಗೆ ಕಳಿಸಿದ್ದು ಇಷ್ಟು: ‘ಯೇಸು, ಅವರ ತಾಯಿ, ಅವರ ಶಿಷ್ಯರು, ಇವರೆಲ್ಲ ಯೆಹೂದ್ಯರು. ಜನರ ಮಾತನ್ನು ಈಗ ನಾವು ಓದುವುದು, ಅದು ನಮ್ಮ ಮಾತು ಎಂದು.’ ಉಪದೇಶಿಗಳು ಮೊನ್ನೆ ಫೋನ್ ಮಾಡಿ, ಗುರುಗಳು ಒಪ್ಪಿದ್ದಾರೆ, ಎರಡನೇ ಸಾಲು ಓದುವಾಗ ನಾಲಿಗೆ ಹೊರಳಲ್ಲ, ಸ್ವಲ್ಪ ಸರಿ ಮಾಡಿಕೊಳ್ತೀನಿ ಅಂದರು. ಮಾಡಿಕೊಳ್ಳಿ ಅಂದೆ. ಅಕ್ಕನ ಮಗಳಿಗೆ ಈಗ ಹನ್ನೊಂದು. ಅವಳು ಅಲ್ಲೇ ಇರುತ್ತಾಳೆ, ಕೈಯಲ್ಲಿ ಗರಿ ಹಿಡಿದುಕೊಂಡು.

ನಾನು ಈ ಸಲ ಊರಿಗೆ ಹೋಗುತ್ತಿಲ್ಲ. ಈ ವರ್ಷ ಏಪ್ರಿಲ್ 1ರ ಬುಧವಾರ ಸಂಜೆ ಪಾಸ್ಖ ಶುರು, ಮರುದಿನ ನಮ್ಮ ಪವಿತ್ರ ಗುರುವಾರ. ಬುಧವಾರದ ಊಟಕ್ಕೆ ಗೆಳತಿ ಮನೆಗೆ ಕರೆದಿದ್ದಾಳೆ. ಏನು ತರಲಿ ಅಂದೆ. ಬ್ರೆಡ್ ಬೇಡ, ಬಿಸ್ಕತ್ತು ಬೇಡ, ಗೋಧಿಯದ್ದು ಏನೂ ಬೇಡ, ನಿನ್ನ ಚಪಾತಿಯಂತೂ ಬೇಡವೇ ಬೇಡ, ಹಣ್ಣು ತಾ ಅಂದಳು.